ಪಕ್ಕದ ಸೀಟಿನವರು

"ಇದು ಹೋಗತ್ತೆ," ಎಂದು ಇನ್ಶೂರೆನ್ಸ್ ಸರ್ವೇಯರ್ ಕೆಂಪು ಕಾರಿನ ಮುಂದೆ ಮೊಣಕಾಲೂರಿ, ಬಂಪರಿನ ಮೂಲೆಯನ್ನು ಬೆರಳ ಗೆಣ್ಣಿನಿಂದ ಟಕಟಕ ಕುಟ್ಟಿದ.

"ಎಲ್ಲಿಗೆ ಸಾರ್?" ಶೋರೂಮಿನ ಸೇಲ್ಸ್‌ನವನಿಗೆ ಅರ್ಥವಾಗಲಿಲ್ಲ. ಅವನು ದಪ್ಪನೆಯ ಆಳು; ಕೊರಳಿನ ಟೈ ಹೊಟ್ಟೆಯ ಅರ್ಧದಾರಿಗೇ ಸೋತು ನಿಂತಿತ್ತು.

"ಎಲ್ಲಿಗೂ ಅಲ್ಲ, ಕಿತ್ಕೊಂಡು ಹೋಗತ್ತೆ ಅಂದೆ. ಸ್ವಲ್ಪ ಎತ್ತರದ ಹಂಪ್ ಮೇಲಿಂದ ಜೋರಾಗಿ ಇಳಿಸಿದ್ರೆ ಈ ಕ್ಲಿಪ್ಪು ಪಟ್ ಅಂತ ಮುರಿಯತ್ತೆ. ಕ್ಲಿಪ್ಪು ಬಿಡಿಯಾಗಿ ಸಿಗಲ್ಲ. ಪೂರ್ತಿ ಬಂಪರ್ ಬದಲಾಯಿಸ್ಬೇಕು. ಹೌದೋ ಅಲ್ವೋ?"

ಡ್ರೈವರ್ ಸೀಟಿನಲ್ಲಿ ಕೂತಿದ್ದ ಸರ್ವೇಯರನ ಹೆಂಡತಿ, ಸ್ಟೀರಿಂಗ್ ಮೇಲಿಟ್ಟ ಕೈ ತೆಗೆಯದೆ, ತೆರೆದ ಕಿಟಕಿಯಿಂದಲೇ, "ರೀ, ಏಳ್ರೀ ಮೇಲೆ," ಎಂದಳು. "ಇದಕ್ಕೆ ಇನ್ನೂ ಆಕ್ಸಿಡೆಂಟ್ ಆಗಿಲ್ಲ. ಹೊಸ ಕಾರು."

"ಅದಕ್ಕೇ ಈಗ್ಲೇ ನೋಡ್ತಿರೋದು."

ಅವಳು ಕಣ್ಣು ಮುಚ್ಚಿಕೊಂಡಳು. ಹೊಸ ಕಾರಿನ ವಾಸನೆಯನ್ನು ಒಂದು ನಿಮಿಷವಾದರೂ ನೆಮ್ಮದಿಯಾಗಿ ಎಳೆದುಕೊಳ್ಳೋಣವೆಂದರೆ ಬಾನೆಟ್ಟಿನ ಆಚೆಯಿಂದ ಕುಟ್ಟುವ ಸದ್ದು ನಿಲ್ಲುತ್ತಿರಲಿಲ್ಲ. ಇದು ಅವರು ಮೆಟ್ಟಿಲು ಹತ್ತಿದ ಮೂರನೆಯ ಶೋರೂಮು. ಮೊದಲನೆಯದರಲ್ಲಿ ಅವನು ಬಾಗಿಲುಗಳನ್ನೆಲ್ಲ ಹಾಕಿ ತೆಗೆದು, ಹಾಕಿ ತೆಗೆದು, ಕಿವಿಗೊಟ್ಟು ಕೇಳಿ, "ತಗಡು" ಎಂದು ತೀರ್ಪು ಕೊಟ್ಟಿದ್ದ. ಎರಡನೆಯದರಲ್ಲಿ ತನ್ನ ಪಾಡಿಗೆ ಕಾರು ನೋಡುತ್ತಿದ್ದ ಇನ್ನೊಂದು ಸಂಸಾರಕ್ಕೂ ಕೇಳದೆಯೇ ಸಲಹೆ ಕೊಟ್ಟು, ಅವರು ಕಾರೇ ಬೇಡವೆಂದು ಎದ್ದು ಹೋಗಿ, ಮ್ಯಾನೇಜರೇ ಬಂದು ಇವರಿಬ್ಬರನ್ನೂ ಬಾಗಿಲ ತನಕ ಬಹಳ ಮರ್ಯಾದೆಯಿಂದ ಬಿಟ್ಟುಹೋಗಿದ್ದ.

ಅವಳನ್ನು ಆ ಬಡಾವಣೆಯಲ್ಲಿ ಎಲ್ಲರೂ ಕ್ಲಚ್ ಮೇಡಂ ಎನ್ನುತ್ತಿದ್ದರು. ಒಂದು ಸಣ್ಣ ಡ್ರೈವಿಂಗ್ ಸ್ಕೂಲು ಅವಳದು. ಒಂದೇ ಕಾರು, ಅವಳೊಬ್ಬಳೇ ಮೇಷ್ಟ್ರು. ಹತ್ತಿಪ್ಪತ್ತು ವರ್ಷಗಳಿಂದ ಬೆಳಗಾದರೆ ಅವಳು ಆ ಹಳೆಯ ಕಾರಿನ ಪಕ್ಕದ ಸೀಟಿನಲ್ಲಿ ಕೂತು, "ಕ್ಲಚ್, ಕ್ಲಚ್, ಕ್ಲಚ್ ಪೂರ್ತಿ ಒತ್ತಿ" ಎಂದು ಕೂಗುವುದು ಬೀದಿಯ ಕೊನೆಯ ಮನೆಗೂ ಕೇಳುತ್ತಿತ್ತು. ಅವಳ ಕಾಲ ಬುಡದಲ್ಲಿ ಇನ್ನೊಂದು ಬ್ರೇಕು, ಇನ್ನೊಂದು ಕ್ಲಚ್ಚು ಇದ್ದವು. ಡಾಕ್ಟರು, ಪೊಲೀಸಿನವರು, ಹೊಸದಾಗಿ ಮದುವೆಯಾದವರು, ನಿವೃತ್ತರಾದವರು, ಯಾರೇ ಸ್ಟೀರಿಂಗ್ ಹಿಡಿಯಲಿ, ಕಾರು ನಿಲ್ಲುತ್ತಿದ್ದದ್ದು ಅವಳ ಕಾಲಿನಿಂದ. ನೆಂಟರ ಮದುವೆಗೂ ಅದೇ ಕಾರು, ನೆತ್ತಿಯ ಮೇಲೆ ಅದೇ ಬೋರ್ಡು, ಹಿಂದೆ ಮುಂದೆ ಕೆಂಪು ಎಲ್. ರೇಷ್ಮೆ ಸೀರೆ ಉಟ್ಟು ಕೂತರೂ ಹಿಂದಿನವರು ಹಾರ್ನ್ ಹೊಡೆದು, ಕನಿಕರದಿಂದ ನೋಡಿ, ಮುಂದೆ ಹೋಗುತ್ತಿದ್ದರು. ಆ ಕಾರಿನ ವೇಗ ನಲವತ್ತು ದಾಟಿದರೆ ಅದಕ್ಕೂ ನಡುಕ, ಅವಳಿಗೂ ನಡುಕ.

ಹೀಗಿರುವಾಗ ಅವಳ ಹಳೆಯ ವಿದ್ಯಾರ್ಥಿನಿ, ಒಬ್ಬ ದಂತವೈದ್ಯೆ, ಒಂದು ಸಂಜೆ ದಾರಿಯಲ್ಲಿ ಸಿಕ್ಕಿ, "ಬನ್ನಿ ಮೇಡಂ, ಮನೆಗೆ ಬಿಡ್ತೀನಿ," ಎಂದು ತನ್ನ ಹೊಸ ಕಾರಿಗೆ ಹತ್ತಿಸಿಕೊಂಡಿದ್ದಳು. ನೋಡಲು ಸಾಧಾರಣ ಸಣ್ಣ ಕಾರು. ಮೇಲ್ಸೇತುವೆ ಹತ್ತುವಾಗ ದಂತವೈದ್ಯೆ ಏನು ಮಾಡಿದಳೋ, ಯಾರೋ ಅಂಗೈಯನ್ನು ಎದೆಗಿಟ್ಟು ಮೆಲ್ಲಗೆ ಹಿಂದಕ್ಕೆ ದೂಡಿದ ಹಾಗೆ ಇವಳ ಬೆನ್ನು ಸೀಟಿಗೆ ಅಂಟಿಕೊಂಡಿತು. ಸೇತುವೆಯ ಕಂಬಿಗಳು ಒಂದಕ್ಕೊಂದು ಕೂಡಿಕೊಂಡು ಗೆರೆಯಾದವು. ಕಲಿಸಿದವಳು ಪಕ್ಕದಲ್ಲಿದ್ದಾಳೆಂಬ ಭಯಕ್ಕೆ ದಂತವೈದ್ಯೆ ಕೂಡಲೇ ಕಾಲು ತೆಗೆದು, "ಸಾರಿ ಮೇಡಂ," ಎಂದಳು.

ಅಂದೇ ರಾತ್ರಿ ಊಟದ ಹೊತ್ತಿಗೆ ಅವಳು ಗಂಡನಿಗೆ, "ನಾನೊಂದು ಕಾರು ತಗೋತೀನಿ," ಎಂದಳು. "ಓಡೋ ಕಾರು."

"ಎಲ್ಲಾ ಕಾರೂ ಓಡತ್ತಲ್ಲ."

"ಇದು ಓಡೋ ಕಾರು."

ಅವಳು ಮಾಡಿದ ತಪ್ಪೆಂದರೆ ಅದನ್ನು ಬಾಯಿಬಿಟ್ಟು ಹೇಳಿದ್ದು. ಸುಮ್ಮನೆ ಹೋಗಿ ಕೊಂಡು ತಂದು ಬಾಗಿಲಿಗೆ ನಿಲ್ಲಿಸಿದ್ದರೆ ಎಲ್ಲರೂ ಎರಡು ದಿನ ಬೈದು ಮೂರನೆಯ ದಿನ ಹತ್ತಿ ಕೂರುತ್ತಿದ್ದರು. ಈಗ ಊರಿಗೆಲ್ಲ ಸಲಹೆ ಕೊಡುವ ಹಕ್ಕು ಬಂದುಬಿಟ್ಟಿತು. ಅತ್ತೆ, "ಹತ್ತೋಕೆ ಇಳಿಯೋಕೆ ಎತ್ತರ ಇರ್ಬೇಕಮ್ಮ, ಬಾವಿಗೆ ಇಳಿದ ಹಾಗೆ ಇರ್ಬಾರ್ದು," ಎಂದರು. ಔಷಧಿ ಅಂಗಡಿಯವನು ಮಾತ್ರೆ ಎಣಿಸುತ್ತಲೇ ಮೈಲೇಜಿನ ವಿಚಾರ ತೆಗೆದ. ಎರಡನೆಯ ಗೇರಿಗೂ ಸರಿಯಾಗಿ ಹೋಗಲಾರದ ವಿದ್ಯಾರ್ಥಿಯೊಬ್ಬ, ಅವಳು ಬ್ರೇಕ್ ಒತ್ತಿ ಅವನನ್ನು ಹಾಲಿನ ವ್ಯಾನಿನಿಂದ ಉಳಿಸಿದ ಮರುಕ್ಷಣವೇ, "ನಿಮ್ಮ ವಯಸ್ಸಿಗೆ ಆಟೋಮ್ಯಾಟಿಕ್ ವಾಸಿ ಮೇಡಂ," ಎಂದ. ಅವಳು ಅವನಿಗೆ ಅವತ್ತು ಇನ್ನೂ ಅರ್ಧ ಗಂಟೆ ರಿವರ್ಸ್ ಹಾಕಿಸಿದಳು.

ಎಲ್ಲರಿಗಿಂತ ಜೀವ ತಿಂದವನು ಅವಳ ತಮ್ಮ. ಅವನಿಗೆ ಸ್ವಂತ ಕಾರಿಲ್ಲ, ಆದರೆ ಜಗತ್ತಿನಲ್ಲಿ ಕಾರಿನ ಬಗ್ಗೆ ಯಾರು ಏನು ವಿಡಿಯೊ ಮಾಡಿ ಹಾಕಿದರೂ ಅದನ್ನು ನೋಡಿ ಮುಗಿಸದೆ ಅವನು ಮಲಗುತ್ತಿರಲಿಲ್ಲ. ವಾರಕ್ಕೊಂದು ಕಾರನ್ನು ಎತ್ತಿ ಹಿಡಿಯುತ್ತಿದ್ದ, ಮುಂದಿನ ವಾರ ಅದೇ ಕಾರಿನ ಹೆಸರೆತ್ತಿದರೆ, "ಛೆ, ಅದಾ?" ಎನ್ನುತ್ತಿದ್ದ.

"ಅಕ್ಕಾ, ಒಂದು ಮೂರು ತಿಂಗಳು ತಡ್ಕೋ. ಫೇಸ್‌ಲಿಫ್ಟ್ ಬರ್ತಾ ಇದೆ."

"ಯಾರಿಗೋ?"

"ಕಾರಿಗೆ ಅಕ್ಕಾ! ಮುಂದಿನ ದೀಪ ಬದಲಾಗತ್ತೆ."

"ದೀಪ ನಾನೇನು ಒಳಗೆ ಕೂತು ನೋಡ್ತೀನಾ?"

"ಅಲ್ಲ, ಆಗ ಹಳೇ ಮಾಡೆಲ್ ಕಮ್ಮಿಗೆ ಸಿಗತ್ತೆ. ಆದ್ರೆ ತಗೋಬೇಡ. ರೀಸೇಲ್ ವ್ಯಾಲ್ಯೂ ಇರಲ್ಲ."

ಇನ್ನು ಗಂಡ. ಇನ್ಶೂರೆನ್ಸ್ ಕಂಪನಿಯ ಪರವಾಗಿ ಜಖಂ ಆದ ಕಾರುಗಳನ್ನು ನೋಡಿ ವರದಿ ಕೊಡುವುದು ಅವನ ಕೆಲಸ. ಲೋಕದಲ್ಲಿರುವ ಎಲ್ಲ ಕಾರುಗಳ ಪರಿಚಯವೂ ಅವನಿಗಿತ್ತು, ಆದರೆ ಎಲ್ಲದರದೂ ಕೊನೆಯ ಗಳಿಗೆಯ ಪರಿಚಯ. ಅವಳು ಪೇಪರಿನಲ್ಲಿ ಯಾವುದಾದರೂ ಕಾರಿನ ಚಿತ್ರ ತೋರಿಸಿದರೆ, "ಇದಾ? ಹೋದ ವಾರ ನೋಡ್ದೆ. ಇಂಜಿನ್ನು ಸೀಟಿನ ಹತ್ರ ಬಂದಿತ್ತು," ಎನ್ನುತ್ತಿದ್ದ. ಇನ್ನೊಂದನ್ನು ತೋರಿಸಿದರೆ, "ಇದರ ಬಾಗಿಲು ತೆಗೆಯೋಕೆ ಕಟರ್ ತರಿಸ್ಬೇಕಾಯ್ತು." ಇಷ್ಟು ಹೇಳಿ ನೆಮ್ಮದಿಯಾಗಿ ಕಾಫಿ ಕುಡಿಯುತ್ತಿದ್ದ. ತಾನು ಮಾತ್ರ ಮಳೆ ಇರಲಿ ಬಿಸಿಲಿರಲಿ ಒಂದು ಹಳೆಯ ಸ್ಕೂಟರಿನಲ್ಲಿ ಓಡಾಡುತ್ತಿದ್ದ. ಮದುವೆಯಾದ ಹೊಸದರಲ್ಲಿ ಅವಳೇ ಅವನಿಗೆ ಕಾರು ಕಲಿಸಿದ್ದಳು. ಕೆಲವು ವರ್ಷ ಓಡಿಸುತ್ತಲೂ ಇದ್ದ. ಆಮೇಲೆ ಮುಟ್ಟಲಿಲ್ಲ. ದಿನಾ ಜಖಂ ನೋಡಿ ನೋಡಿ ಭಯ ಹತ್ತಿರಬೇಕೆಂದು ಅವಳೂ ಮನೆಯವರೂ ತಿಳಿದುಕೊಂಡಿದ್ದರು.

"ಟೆಸ್ಟ್ ಡ್ರೈವ್ ಮಾಡೋಣ್ವಾ ಮೇಡಂ?" ಎಂದ ಸೇಲ್ಸ್‌ನವನು, ಸರ್ವೇಯರ್ ಬಂಪರಿನಿಂದ ಚಕ್ರಕ್ಕೆ ದಾಟುವುದನ್ನು ಕಂಡು ಗಾಬರಿಯಾಗಿ.

"ಮಾಡೋಣ. ಮೊದಲು ಇವರನ್ನ ಎಬ್ಬಿಸಿ."

ಹೊರಗೆ ಅದೇ ಮಾದರಿಯ ಇನ್ನೊಂದು ಕಾರು ನಿಂತಿತ್ತು. ಗೇರು ಕೈಯಲ್ಲೇ ಹಾಕುವಂಥದ್ದು, ಟರ್ಬೊ ಇಂಜಿನ್ನು, ಗಟ್ಟಿ ಸಸ್ಪೆನ್ಷನ್ನು. ಅವಳು ಸೀಟು ಮುಂದೆ ಎಳೆದು, ಕನ್ನಡಿ ಸರಿಮಾಡಿ ಕೂತಳು. ಗಂಡ ಪಕ್ಕದಲ್ಲಿ. ಸೇಲ್ಸ್‌ನವನು ಹಿಂದಿನ ಸೀಟಿಗೆ ತನ್ನನ್ನು ಕಂತುಗಳಲ್ಲಿ ತೂರಿಸಿಕೊಂಡು, ಮೊಣಕಾಲು ಗದ್ದಕ್ಕೆ ತಾಗಿಸಿಕೊಂಡು, "ಹಿಂದೆ ಜಾಗ ಧಾರಾಳ ಇದೆ ಸಾರ್," ಎಂದ.

ಊರಾಚೆಯ ಹೊರವರ್ತುಲ ರಸ್ತೆಗೆ ಹೋಗಿ ತಿರುಗಿ ಬರುವುದೆಂದು ಮಾತಾಗಿತ್ತು. ಭಾನುವಾರದ ಮಧ್ಯಾಹ್ನ, ಗೋದಾಮುಗಳ ಶಟರುಗಳೆಲ್ಲ ಇಳಿದಿದ್ದವು. ಕ್ಲಚ್ಚು ಬೆಣ್ಣೆಯ ಹಾಗಿತ್ತು. ಸ್ಟೀರಿಂಗು ಅವಳ ಮನಸ್ಸನ್ನು ಮೊದಲೇ ಓದಿಕೊಂಡಂತೆ ತಿರುಗುತ್ತಿತ್ತು. ಅವಳ ಮುಖದಲ್ಲಿ ಒಂದು ನಗು ಮೂಡಲು ಶುರುವಾಗಿತ್ತು, ಅಷ್ಟರಲ್ಲಿ ಪಕ್ಕದಿಂದ ಬಂತು:

"ನಿಧಾನ. ಮುಂದೆ ಗೋದಾಮಿನ ಗೇಟಿದೆ. ಇಲ್ಲೇ ಒಂದು ಲಾರಿ ರಿವರ್ಸ್ ಬಂದು ಒಂದು ಬಿಳಿ ಕಾರಿನ ಮೂತಿ ಪೂರ್ತಿ ಎತ್ಕೊಂಡು ಹೋಗಿತ್ತು."

ಅವಳು ನಿಧಾನಿಸಿದಳು. ಗೇಟಿನಲ್ಲಿ ಒಂದು ನಾಯಿ ಮಲಗಿತ್ತು, ಅಷ್ಟೆ.

"ಈ ತಿರುವಲ್ಲಿ ಮರಳಿರತ್ತೆ. ಎರಡು ಪಲ್ಟಿ. ಟೋಟಲ್ ಲಾಸ್."

"ರೀ."

"ಹೇಳ್ತಿದ್ದೀನಿ ಅಷ್ಟೆ. ಆ ಕಂಬ ನೋಡಿದ್ಯಾ, ಸೊಟ್ಟ ಆಗಿದೆಯಲ್ಲ? ಅದು ನನ್ನ ಕೇಸೇ."

"ಸಾರ್, ಇದರಲ್ಲಿ ಆರು ಏರ್‌ಬ್ಯಾಗ್ ಇದೆ," ಎಂದಿತು ಹಿಂದಿನಿಂದ ಒಂದು ಇಕ್ಕಟ್ಟಾದ ದನಿ.

"ಏರ್‌ಬ್ಯಾಗ್ ಬಿಚ್ಕೊಂಡ್ರೆ ಡ್ಯಾಶ್‌ಬೋರ್ಡ್ ಬದಲಾಯಿಸ್ಬೇಕಲ್ರೀ, ಅದನ್ನ ಯಾರು ಹೇಳ್ತಾರೆ?"

ಮುಂದೆ ರಸ್ತೆ ಅಗಲವಾಗಿ, ನೇರವಾಗಿ, ಖಾಲಿಯಾಗಿ ಬಿದ್ದಿತ್ತು. ಎಷ್ಟೋ ದಿನಗಳಿಂದ ಅವಳು ಕನಸು ಕಂಡ ರಸ್ತೆ ಅದೇ. ಮೂರನೆಯ ಗೇರಿಗೆ ಹಾಕಿ ಇನ್ನೇನು ಕಾಲು ಒತ್ತಬೇಕು, ಅವನು ಡ್ಯಾಶ್‌ಬೋರ್ಡಿಗೆ ಎರಡೂ ಕೈ ಊರಿ, "ಲೇ, ಲೇ, ಲೇ!" ಎಂದು ಕೂಗಿದ. ಕಿಲೋಮೀಟರಿನ ಮುಳ್ಳು ನಲವತ್ತೈದರಲ್ಲಿತ್ತು.

ಅವಳ ಪಿತ್ತ ನೆತ್ತಿಗೇರಿತು. ಕಾರನ್ನು ಅಂಚಿಗೆ ತಂದು ನಿಲ್ಲಿಸಿ, ಬೆಲ್ಟು ಬಿಚ್ಚಿ, ಇಳಿದು, ಸುತ್ತಿ ಬಂದು ಅವನ ಕಡೆಯ ಬಾಗಿಲು ತೆಗೆದಳು.

"ಇಳೀರಿ. ನೀವೇ ಓಡ್ಸಿ."

"ನಾನಾ?"

"ನೀವೇ. ಎಲ್ಲಿ ಲಾರಿ ಬರತ್ತೆ, ಎಲ್ಲಿ ಮರಳಿದೆ, ಎಲ್ಲಾ ನಿಮಗೆ ಗೊತ್ತಲ್ಲ. ಓಡ್ಸಿ ತೋರಿಸಿ. ನಾನು ಕೂತು ಕಲೀತೀನಿ."

ಸೇಲ್ಸ್‌ನವನು ಹಿಂದಿನಿಂದ ಕತ್ತು ಚಾಚಿ, "ಸಾರ್‌ಗೆ ಲೈಸೆನ್ಸ್..." ಎಂದು ಎಳೆದ. ಇಲ್ಲ ಎನ್ನುತ್ತಾನೆಂದೇ ಅವಳು ಕಾದಳು. ಅವನು ಪರ್ಸು ತೆಗೆದು ಕಾರ್ಡು ಹಿಡಿದು ತೋರಿಸಿದ. ಹೊಸ ಕಾರ್ಡು, ಹೊಸ ಫೋಟೊ, ತಲೆಯಲ್ಲಿ ಈಗಿರುವಷ್ಟೇ ಕೂದಲು.

"ಇದು ಯಾವಾಗ ಮಾಡಿಸಿದ್ರಿ?"

"ಹೋದ ವರ್ಷ. ಅವಧಿ ಮುಗಿದಿತ್ತು."

"ಸ್ಕೂಟರಿಗೆ ಸಾಕಿತ್ತಲ್ಲ, ಕಾರಿಗೂ ಯಾಕೆ ಮಾಡಿಸಿದ್ರಿ?"

"ಸುಮ್ನೆ," ಎಂದು ಅವನು ಇಳಿದು ಆಚೆ ಬದಿಗೆ ಹೋದ.

ಕಾರು ಎರಡು ಸಲ ಹಾರಿ ಬಿದ್ದು ನಿಂತಿತು. ಮೂರನೆಯ ಸಲ ಹೊರಟಿತು. ಅವಳು ಪಕ್ಕದ ಸೀಟಿನಲ್ಲಿ ಕೂತ ಕೂಡಲೇ ಅವಳ ಬಾಯಿ ತನ್ನ ಕೆಲಸಕ್ಕೆ ತಾನೇ ಹಾಜರಾಯಿತು. "ಕ್ಲಚ್ ಪೂರ್ತಿ. ಪೂರ್ತಿ ಅಂದೆ. ಕನ್ನಡಿ ನೋಡಿ. ಎಡಕ್ಕಲ್ಲ, ಮೇಲಿನ ಕನ್ನಡಿ. ಗೇರ್ ಮೇಲೆ ಕೈ ಯಾಕಿಟ್ಕೊಂಡಿದ್ದೀರ, ಅದೇನು ಕೈಗೋಲಾ? ಈಗ ಎರಡು. ಎರಡು ಹಾಕಿ. ಇಂಜಿನ್ ಅಳ್ತಾ ಇರೋದು ಕೇಳಿಸ್ತಿಲ್ವಾ?" ಅವಳ ಪಾದಗಳು ಕೆಳಗಿನ ಚಾಪೆಯ ಮೇಲೆ ಅತ್ತಿತ್ತ ಹುಡುಕಾಡಿದವು. ಅಲ್ಲಿ ಒತ್ತಲು ಏನೂ ಇರಲಿಲ್ಲ. ಬರಿಯ ಚಾಪೆ. ಅವಳ ದನಿ ಇನ್ನೂ ಏರಿತು. "ಬ್ರೇಕ್! ಆ ಸೈಕಲ್ ನೋಡಿ! ಬ್ರೇಕ್ ಹಿಡೀರಿ!"

ಸೈಕಲ್ಲು ಬಹಳ ದೂರದಲ್ಲಿತ್ತು. ಅವನು ಬ್ರೇಕ್ ಹಿಡಿದ. ಕಾರು ಅಂಚಿಗೆ ಬಂದು ನಿಂತಿತು. ಇಂಜಿನ್ ಆರಿಸಿ, ಕೈ ತೊಡೆಯ ಮೇಲಿಟ್ಟುಕೊಂಡು, ಎದುರಿನ ಗಾಜಿಗೆ ಹೇಳುವವನಂತೆ ಹೇಳಿದ:

"ನಾನು ಕಾರು ಬಿಟ್ಟಿದ್ದು ಯಾಕೆ ಅಂದ್ಕೊಂಡಿದ್ದೀಯ?"

"ಯಾಕೆ ಅಂದ್ರೆ? ದಿನಾ ಆಕ್ಸಿಡೆಂಟ್ ನೋಡಿ ಹೆದರ್ಕೊಂಡು."

"ಆಕ್ಸಿಡೆಂಟಿಗೆ ಹೆದರೋನು ಸ್ಕೂಟರ್ ಓಡಿಸ್ತಾನೇನೇ?"

ಇಷ್ಟು ವರ್ಷ ಈ ಪ್ರಶ್ನೆ ತನಗೇ ಹುಟ್ಟಲಿಲ್ಲವಲ್ಲ ಎಂದು ಅವಳಿಗೇ ಆಶ್ಚರ್ಯವಾಯಿತು.

"ಮಗಳನ್ನ ಸ್ಕೂಲಿಗೆ ಬಿಡೋಕೆ ಹೋಗ್ತಾ ಇದ್ವಿ," ಎಂದ ಅವನು. "ನಾನು ಓಡಿಸ್ತಿದ್ದೆ. ಮನೆ ಗೇಟಿಂದ ಸ್ಕೂಲ್ ಗೇಟಿನ ತನಕ ನೀನು ಬಾಯಿ ಮುಚ್ಚಲಿಲ್ಲ. ನಾನು ಹಿಡಿಯೋ ಮೊದ್ಲೇ ನೀನೇ ಬ್ರೇಕ್ ಹಿಡೀತಿದ್ದೆ. ಇಳಿಯೋವಾಗ ಮಗು ಏನಂತು, ನೆನಪಿದ್ಯಾ?"

ನೆನಪಿಲ್ಲದೆ ಏನು. ಬ್ಯಾಗು ಹೆಗಲಿಗೇರಿಸಿಕೊಂಡು ಮಗಳು ಕಿಟಕಿಗೆ ಮುಖವಿಟ್ಟು, "ಅಪ್ಪಾ, ನಿಮ್ಮ ಟೆಸ್ಟ್ ಯಾವಾಗ?" ಎಂದು ಕೇಳಿದ್ದಳು. ಅದನ್ನು ಅವಳು ಎಷ್ಟು ಜನಕ್ಕೆ ಹೇಳಿಲ್ಲ! ತವರಿನಲ್ಲಿ, ನೆಂಟರ ಮನೆಯಲ್ಲಿ, ಹೊಸ ವಿದ್ಯಾರ್ಥಿಗಳಿಗೆ ಭಯ ಬಿಡಿಸಲು. ಹೇಳಿದಾಗಲೆಲ್ಲ ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಅವನೂ ಪಕ್ಕದಲ್ಲಿ ಕೂತು ನಕ್ಕಿದ್ದ. ಆ ಮಗಳು ಈಗ ದೊಡ್ಡವಳಾಗಿ ಬೇರೆ ಊರಿನಲ್ಲಿ ಓದುತ್ತಿದ್ದಾಳೆ. ಅವತ್ತಿನ ಮಾರನೆಯ ದಿನದಿಂದ ಅವನು ಕಾರಿನ ಕೀಲಿ ಮುಟ್ಟಲಿಲ್ಲವೆಂಬುದನ್ನು ಅವಳು ಆ ತಮಾಷೆಗೆ ಯಾವತ್ತೂ ಕೂಡಿಸಿ ನೋಡಿರಲಿಲ್ಲ.

"ಒಂದು ಮಾತು ಹೇಳ್ಬಾರ್ದಾಗಿತ್ತಾ?" ಎಂದಳು. ದನಿಯಲ್ಲಿ ಇನ್ನೂ ಸಿಟ್ಟೇ ಇತ್ತು. ಬೇರೆ ಯಾವ ದನಿಯನ್ನೂ ಹುಡುಕಿಕೊಳ್ಳಲು ಅವಳಿಗೆ ಸಮಯ ಸಿಕ್ಕಿರಲಿಲ್ಲ.

"ಹೇಳೋಕೆ ನಡುವೆ ಜಾಗ ಎಲ್ಲಿತ್ತು?"

ಹಿಂದಿನ ಸೀಟಿನಲ್ಲಿ ಇದ್ದಾನೋ ಇಲ್ಲವೋ ಎಂಬಂತೆ ಕೂತಿದ್ದ ಸೇಲ್ಸ್‌ನವನು ಒಮ್ಮೆ ಕೆಮ್ಮಿ, "ಎ.ಸಿ. ಸ್ವಲ್ಪ ಜಾಸ್ತಿ ಮಾಡ್ಕೋಬಹುದು ಮೇಡಂ, ಬಟನ್ ಅಲ್ಲೇ ಇದೆ," ಎಂದ.

ಅವಳು ಬಟನ್ ಒತ್ತಲಿಲ್ಲ. ಸೀಟ್ ಬೆಲ್ಟನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು, "ಹೊರಡಿ," ಎಂದಳು. "ನಾನು ಮಾತಾಡಲ್ಲ."

"ಆಗಲ್ಲ ನಿನ್ನ ಕೈಲಿ."

"ಹೊರಡಿ ಅಂದೆ."

ಅವನು ಹೊರಟ. ಕ್ಲಚ್ಚು ಅರ್ಧವೇ ಒತ್ತಿದ. ಗೇರು ಕರಕರ ಎಂದಿತು. ಆ ಸದ್ದು ಅವಳ ಹಲ್ಲಿನ ಬೇರಿಗೆ ಹೋಗಿ ಮುಟ್ಟಿತು. ಅವಳು ಬಾಯಿ ತೆರೆಯಲಿಲ್ಲ. ಅವನು ರಸ್ತೆಯ ನಟ್ಟನಡುವೆ ಹೋಗುತ್ತಿದ್ದ. ಅವಳು ಕಿಟಕಿಯಾಚೆ ನೋಡಿದಳು. ಗೋದಾಮಿನ ಗೋಡೆ, ಗೋಡೆಯ ಮೇಲಿನ ಗಾಜಿನ ಚೂರು, ಮತ್ತೆ ಗೋಡೆ. ಅವಳ ಬಲಗಾಲು ಚಾಪೆಯನ್ನು ಒತ್ತಿ ಒತ್ತಿ ಹಿಮ್ಮಡಿ ನೋಯತೊಡಗಿತು. ಮಾತುಗಳು ಒಂದರ ಹಿಂದೊಂದು ನಾಲಿಗೆಯ ತುದಿಗೆ ಬಂದು ಸಾಲುಗಟ್ಟಿ ನಿಂತವು; ಅವಳು ಒಂದೊಂದನ್ನೂ ನುಂಗಿದಳು. ಕಲಿಸುವುದು ಇದಕ್ಕಿಂತ ಸುಲಭ ಎನ್ನಿಸಿತು.

ಸ್ವಲ್ಪ ದೂರ ಹೋದ ಮೇಲೆ ಕಿವಿಯ ತನಕ ಏರಿದ್ದ ಅವನ ಹೆಗಲುಗಳು ಕೆಳಗಿಳಿದವು. ಮೂರನೆಯ ಗೇರು ತಾನಾಗಿಯೇ ಬಿದ್ದಂತೆ ಸದ್ದಿಲ್ಲದೆ ಬಿತ್ತು. ಅವನು ಅದನ್ನು ನಂಬದವನಂತೆ ಒಮ್ಮೆ ಗೇರಿನ ಕಡೆ ನೋಡಿದ. ರಸ್ತೆ ನೋಡಿ ಎನ್ನಬೇಕೆನ್ನಿಸಿತು, ಅವಳು ಎನ್ನಲಿಲ್ಲ. ಆಮೇಲೆ ಅವನು ಕಾಲು ಒತ್ತಿದ. ಕಾರು ಒಂದು ಸಲ ಉಸಿರೆಳೆದುಕೊಂಡು ಮುಂದಕ್ಕೆ ನುಗ್ಗಿತು. ಅವಳ ಬೆನ್ನು ಸೀಟಿಗೆ ಹತ್ತಿತು, ಆದರೆ ಅವಳಿಗೆ ಅದರ ಸುಖ ಒಂದಿಷ್ಟೂ ತಿಳಿಯಲಿಲ್ಲ. ಪ್ರಾಣ ಬಾಯಿಗೆ ಬಂದಿತ್ತು. ಗಂಡನ ಮುಖವನ್ನು ಓರೆಗಣ್ಣಿನಲ್ಲಿ ನೋಡಿದಳು. ಜಖಂ ಆದ ಕಾರಿನ ಲೆಕ್ಕ ಹಾಕುವ ಆ ಮುಖ ಎಲ್ಲೂ ಇರಲಿಲ್ಲ. ಬಾಯಿ ಸ್ವಲ್ಪ ತೆರೆದಿತ್ತು.

"ಅಬ್ಬಾ," ಎಂದ ಅವನು, ಬಹಳ ಮೆಲ್ಲಗೆ.

ವರ್ತುಲ ರಸ್ತೆಯ ತುದಿಯಲ್ಲಿ ಪೆಟ್ರೋಲ್ ಬಂಕಿನ ಮುಂದೆ ನಿಲ್ಲಿಸಿದ. ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. "ಚೆನ್ನಾಗಿದೆ," ಎಂದು ಒಪ್ಪಿಕೊಂಡ. ಒಪ್ಪಿಕೊಂಡದ್ದು ಅತಿಯಾಯಿತೆನ್ನಿಸಿತೋ ಏನೋ, "ಬಂಪರ್ ಮಾತ್ರ ಹೋಗತ್ತೆ," ಎಂದು ಸೇರಿಸಿದ.

"ಈಗ ನಾನು," ಎಂದಳು ಅವಳು. "ನೀವು ಒಂದೇ ಒಂದು ಕೇಸಿನ ಬಗ್ಗೆಯೂ ಬಾಯಿ ಬಿಡಬಾರ್ದು. ನಾನು ಹೇಗಿದ್ದೆ, ಹಾಗೆ."

"ಲಾರಿ ಅಡ್ಡ ಬಂದ್ರೆ?"

"ಲಾರಿ ಬಂದ್ರೂ."

ವಾಪಸು ದಾರಿಯಲ್ಲಿ ಆ ನೇರ ರಸ್ತೆ ಮತ್ತೆ ಬಂತು. ಎರಡನೆಯ ಗೇರು. ಅವಳು ಆಕ್ಸಿಲರೇಟರ್ ಒತ್ತಿದಳು. ಕಾಲು ಅರ್ಧಕ್ಕೇ ನಿಂತಿತು. ಕಾರಿನ ತೊಂದರೆಯಲ್ಲ, ಕಾಲಿನದು. ಇಷ್ಟು ವರ್ಷ ಇನ್ನೊಬ್ಬರು ಒತ್ತುವುದನ್ನು ತಡೆದೇ ಬದುಕಿದ ಕಾಲು. ಇನ್ನೊಮ್ಮೆ ಒತ್ತಿದಳು, ಇನ್ನೊಮ್ಮೆ ನಿಂತಿತು. ಯಾರ ಸಲಹೆಯೂ ಇಲ್ಲದ, ಯಾರ ಕೂಗೂ ಇಲ್ಲದ ಆ ನಿಶ್ಶಬ್ದದಲ್ಲಿ ಅವಳಿಗೆ ತನ್ನ ಮೇಲೇ ಎಲ್ಲಿಲ್ಲದ ಸಿಟ್ಟು ಬಂತು. "ಥೂ," ಎಂದು ಗಟ್ಟಿಯಾಗಿ ಅಂದು, ಪಾದವನ್ನು ನೆಲಕ್ಕೆ ಮುಟ್ಟಿಸಿಬಿಟ್ಟಳು.

ಇಂಜಿನ್ನು ಹಾಡುವುದೂ ಅಲ್ಲದ ಕಿರುಚುವುದೂ ಅಲ್ಲದ ಒಂದು ದನಿ ತೆಗೆಯಿತು. ಅವತ್ತಿನ ಆ ಅಂಗೈ ಬಂದು ಎದೆಯ ಮೇಲೆ ಕೂತು ಹಿಂದಕ್ಕೆ ದೂಡಿತು, ಈ ಸಲ ಗಟ್ಟಿಯಾಗಿ. ಗೋಡೆಗಳು, ಕಂಬಗಳು, ಇಳಿದ ಶಟರುಗಳು ಎಲ್ಲ ಒಂದರೊಳಗೊಂದು ಹರಿದವು. ಮೂರನೆಯದು ಹಾಕಿದಳು. ಕೈ, ಕಾಲು, ಕಣ್ಣು ಮೂರೂ ಅವಳವೇ ಆಗಿದ್ದವು. ಯಾರಿಗೂ ಏನನ್ನೂ ಹೇಳಿಕೊಡಬೇಕಾಗಿರಲಿಲ್ಲ. "ಅಯ್ಯೋ," ಎಂದದ್ದು ಹಿಂದಿನ ಸೀಟು. ಗಂಡ ಕಣ್ಣು ಬಿಗಿಯಾಗಿ ಮುಚ್ಚಿ, ತುಟಿ ಒಳಕ್ಕೆ ಎಳೆದುಕೊಂಡು, ಎರಡೂ ಮಂಡಿಗಳನ್ನು ಹಿಡಿದು ಕೂತಿದ್ದ. ಸದ್ದು ಮಾತ್ರ ಹೊರಬರಲಿಲ್ಲ.

ಆ ಸೊಟ್ಟ ಕಂಬವನ್ನು ದಾಟಿದ್ದು ಅವಳಿಗೆ ಗೊತ್ತಾದದ್ದು ಶೋರೂಮಿನ ಬಾವುಟಗಳು ಕಂಡ ಮೇಲೆಯೇ.

ಒಳಗೆ ಬಂದು ಕೂತ ಕೂಡಲೇ ಎಲ್ಲ ಮೊದಲಿನಂತಾಯಿತು. ಸೇಲ್ಸ್‌ನವನು ಸೊಂಟ ನೀವಿಕೊಳ್ಳುತ್ತ ಬಣ್ಣದ ಕಾರ್ಡು ತಂದು ಮೇಜಿನ ಮೇಲೆ ಹರಡಿದ.

"ಬಿಳಿ ತಗೋ," ಎಂದ ಗಂಡ. "ಸಂಜೆ ಹೊತ್ತು ಎದುರಿನವರಿಗೆ ಚೆನ್ನಾಗಿ ಕಾಣತ್ತೆ."

"ಕೆಂಪು."

"ಕೆಂಪು ಬಿಸಿಲಿಗೆ ಮಂಕಾಗತ್ತೆ. ಗೀಚಿದ್ರೆ ಬಣ್ಣ ಕೂಡಲ್ಲ. ನಾನು ಎಷ್ಟು ಕೆಂಪು ಕಾರಿನ ಬಾಗಿಲು ನೋಡಿಲ್ಲ, ಒಂದು ಟೊಮೇಟೊ ಥರ ಇದ್ರೆ ಇನ್ನೊಂದು ಇಟ್ಟಿಗೆ ಥರ."

"ಮುಗೀತಾ?"

ಅವಳ ಫೋನು ಹೊಡೆದುಕೊಂಡಿತು. ತಮ್ಮ. "ಅಕ್ಕಾ, ಬುಕ್ ಮಾಡಿಬಿಟ್ಯಾ? ಮಾಡ್ಬೇಡ, ಮಾಡ್ಬೇಡ. ಈಗ ತಾನೇ ಒಂದು ವಿಡಿಯೊ ನೋಡ್ದೆ. ಅದರಲ್ಲಿ ಹೇಳ್ತಾನೆ, ನಾಲ್ಕನೇ ಗೇರಲ್ಲಿ..."

"ನೀನು ಕಾರು ತಗೊಂಡಾಗ ನಾಲ್ಕನೇ ಗೇರೇ ಹಾಕ್ಬೇಡ," ಎಂದು ಅವಳು ಕಾಲ್ ಕತ್ತರಿಸಿ ಫೋನನ್ನು ಮೇಜಿನ ಮೇಲೆ ಬೋರಲು ಮಲಗಿಸಿದಳು. ತಮ್ಮ ಮತ್ತೆ ಮತ್ತೆ ಮಾಡುತ್ತಿದ್ದ; ಅದು ಇನ್ನೂ ಸ್ವಲ್ಪ ಹೊತ್ತು ಅಲ್ಲೇ ಗುಂಯ್‌ಗುಡುತ್ತ ಬಣ್ಣದ ಕಾರ್ಡಿನ ಮೇಲೆ ಸರಿದಾಡಿತು.

ಸೇಲ್ಸ್‌ನವನು ಬುಕಿಂಗ್ ಫಾರಂ ತುಂಬತೊಡಗಿದ. ಹೆಸರು ಅವಳದು. ಬಣ್ಣ ಕೆಂಪು. ಗೇರು ಕೈಯದು. ಆಮೇಲೆ ಪೆನ್ನು ಎತ್ತಿ, ಇಬ್ಬರನ್ನೂ ಒಮ್ಮೊಮ್ಮೆ ನೋಡಿ, ಬಹಳ ಹುಷಾರಾಗಿ ಕೇಳಿದ:

"ಗಾಡಿ ಮೇಡಂ ಒಬ್ರೇ ಓಡ್ಸೋದಾ, ಇಲ್ಲ ಸಾರ್ ಕೂಡಾನಾ? ಇನ್ಶೂರೆನ್ಸಿನವರು ಕೇಳ್ತಾರೆ, ಅದಕ್ಕೆ."

ಇನ್ಶೂರೆನ್ಸಿನ ವಿಷಯ ಬಂದರೂ ಸರ್ವೇಯರ್ ಬಣ್ಣದ ಕಾರ್ಡನ್ನು ಎತ್ತಿಕೊಂಡು, ಬಿಳಿಯಲ್ಲೇ ಇನ್ನೂ ಏನೋ ಓದುವುದು ಉಳಿದಿದೆ ಎಂಬಂತೆ ನೋಡುತ್ತ ಕೂತ. ಅವನ ಕಿವಿಯ ಹಿಂದೆ ಬೆವರು ಆರಿ ಬೆಳ್ಳನೆಯ ಗೆರೆ ಉಳಿದಿತ್ತು.

"ಇಬ್ರೂ ಅಂತ ಬರ್ಕೊಳ್ರೀ," ಎಂದಳು ಅವಳು, ಕೇಳಿದವನದೇ ತಪ್ಪೆಂಬಂತೆ. "ಆದ್ರೆ ಒಟ್ಟಿಗೆ ಅಲ್ಲ."

"ಹಾಗೆ ಬರೆಯೋಕೆ ಇದರಲ್ಲಿ ಜಾಗ ಇಲ್ಲ ಮೇಡಂ."

"ಇಬ್ರೂ ಅಂತಷ್ಟೇ ಬರೀರಿ."

ಶೋರೂಮಿನಿಂದ ಹೊರಬಂದಾಗ ಸಂಜೆಯಾಗಿತ್ತು. ಹೆಲ್ಮೆಟ್ಟು ಹಾಕಿಕೊಂಡು ಅವಳು ಸ್ಕೂಟರಿನ ಹಿಂದೆ ಕೂತಳು. ಮೊದಲ ಸಿಗ್ನಲ್ಲಿನಲ್ಲಿ ಅವನು ಎಡಕ್ಕೆ ತಿರುಗಿದ, ಯಾವತ್ತಿಗಿಂತ ಸ್ವಲ್ಪ ಹೆಚ್ಚೇ ಬಾಗಿ. ನೇರ ರಸ್ತೆಗೆ ಬಿದ್ದ ಮೇಲೂ ಇಂಡಿಕೇಟರನ್ನು ಆರಿಸಲಿಲ್ಲ. ಅವನಿಗೆ ನೆನಪಿರಲಿಲ್ಲ; ಏನೋ ಗುನುಗಿಕೊಳ್ಳುತ್ತಿದ್ದ, ಗಾಳಿಯಲ್ಲಿ ಅದು ತುಂಡುತುಂಡಾಗಿ ಕೇಳುತ್ತಿತ್ತು. ಅವಳು ಅದನ್ನು ಹೇಳಲೆಂದು ಅವನ ಭುಜದ ತನಕ ಮುಖ ತಂದಳು. ರಸ್ತೆಯ ಪಕ್ಕ ಉದ್ದಕ್ಕೂ ಕಾರುಗಳು ನಿಂತಿದ್ದವು. ಇಂಡಿಕೇಟರಿನ ಹಳದಿ ಬೆಳಕು ಒಂದು ಕಾರಿನ ಬಾಗಿಲ ಮೇಲೆ ಹತ್ತಿ ಆರಿತು, ಮುಂದಿನದರ ಮೇಲೆ ಹತ್ತಿ ಆರಿತು, ಅದರ ಮುಂದಿನದರ ಮೇಲೆ ಹತ್ತಿತು. ಅವಳು ಮುಖ ಹಿಂದಕ್ಕೆ ತೆಗೆದುಕೊಂಡು ಅದನ್ನೇ ನೋಡುತ್ತ ಕೂತಳು.